ಡಬ್ಬದಲ್ಲಿ ಉಳಿದ ಕಾರ್ಡುಗಳು: ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ-ಶುಗರ್ ಫಾಲೋ-ಅಪ್‌ಗೆ ಎಸ್ಸೆಮ್ಮೆಸ್ ಬಳಸುವುದು ಹೇಗೆ

ನಮ್ಮಲ್ಲಿ ಬಿಪಿ-ಶುಗರ್ ಕ್ಲಿನಿಕ್ ಮಂಗಳವಾರ. ಆ ದಿನ ಬರಬೇಕಾದವರ ಕಾರ್ಡುಗಳನ್ನು ಬೆಳಿಗ್ಗೆ ಒಂಬತ್ತಕ್ಕೇ ಒಂದು ಡಬ್ಬಕ್ಕೆ ಹಾಕಿಟ್ಟಿರುತ್ತೇನೆ. ಒಬ್ಬೊಬ್ಬರೇ ಬಂದು ಬಿಪಿ ನೋಡಿಸಿಕೊಂಡು ಮಾತ್ರೆ ತೆಗೆದುಕೊಂಡು ಹೋದ ಹಾಗೆ ಅವರ ಕಾರ್ಡು ಮುಂದಿನ ತಿಂಗಳ ಡಬ್ಬಕ್ಕೆ ಹೋಗುತ್ತದೆ. ಮಧ್ಯಾಹ್ನ ಓಪಿ ಮುಗಿಯುವ ಹೊತ್ತಿಗೆ ತಳದಲ್ಲಿ ಒಂದಷ್ಟು ಕಾರ್ಡು ಉಳಿದಿರುತ್ತವೆ. ಈ ಬರಹ ಆ ಕಾರ್ಡುಗಳ ಬಗ್ಗೆ.

ಜ್ವರದವರು ವಾಸಿಯಾಗದಿದ್ದರೆ ತಾವಾಗಿಯೇ ಮತ್ತೆ ಬರುತ್ತಾರೆ. ಬಿಪಿಯವರು ಹಾಗಲ್ಲ. ನೋವಿಲ್ಲ, ಸುಸ್ತಿಲ್ಲ, ಮಾತ್ರೆ ಬಿಟ್ಟ ಮರುದಿನವೂ ಏನೂ ಆಗುವುದಿಲ್ಲ. ಆಗುವುದು ಎರಡು ವರ್ಷದ ನಂತರ, ಬೆಳಗಿನ ಜಾವ ಕೈಕಾಲು ಬಿದ್ದುಹೋದಾಗ. ಹಾಗಾಗಿ ಈ ಕಾಯಿಲೆಯಲ್ಲಿ ಚಿಕಿತ್ಸೆ ಎಂದರೆ ಬಹುಪಾಲು ಫಾಲೋ-ಅಪ್ಪೇ. ಅದಕ್ಕೆ ನಮ್ಮ ಕೈಯಲ್ಲಿರುವ ಅಗ್ಗದ ಸಾಧನ ಎಸ್ಸೆಮ್ಮೆಸ್. ಆದರೆ ಎಸ್ಸೆಮ್ಮೆಸ್ ಕಳಿಸುವುದೇ ಫಾಲೋ-ಅಪ್ ಎಂದುಕೊಂಡರೆ ಮೊದಲ ತಿಂಗಳಲ್ಲೇ ಎಡವುತ್ತೀರಿ. ಅದು ಬಾಗಿಲು ತಟ್ಟಿದ ಹಾಗೆ, ಅಷ್ಟೇ. ತಟ್ಟುವ ಮೊದಲು ಯಾರ ಬಾಗಿಲು ಎಂದು ಗೊತ್ತಿರಬೇಕು. ಬಾಗಿಲು ತೆರೆದಾಗ ಮಾತಾಡಲು ಒಬ್ಬರು ಅಲ್ಲಿರಬೇಕು.

ಎಷ್ಟು ನಿರೀಕ್ಷಿಸಬಹುದು

ಶುರುವಿಗೆ ಮೊದಲು ಮೂರು ಅಧ್ಯಯನಗಳ ವಿಷಯ ತಿಳಿದುಕೊಳ್ಳುವುದು ಒಳ್ಳೆಯದು. ಮೂರೂ ಎಚ್‌ಐವಿ ಮಾತ್ರೆಗೆ ಸಂಬಂಧಿಸಿದವು. ಆದರೆ ದಿನವೂ ನುಂಗಬೇಕಾದ ಮಾತ್ರೆಯ ಕಷ್ಟ ಎಲ್ಲ ಕಡೆ ಒಂದೇ.

ಕೀನ್ಯಾದ ಮೂರು ಕ್ಲಿನಿಕ್‌ಗಳಲ್ಲಿ 538 ಜನರ ಮೇಲೆ ನಡೆದ ವೆಲ್‌ಟೆಲ್ ಎಂಬ ಪ್ರಯೋಗದ ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿನ ನರ್ಸ್ ವಾರಕ್ಕೊಮ್ಮೆ ಕಳಿಸುತ್ತಿದ್ದದ್ದು ಸ್ವಾಹಿಲಿಯ ಒಂದೇ ಪದ: 'ಮಂಬೊ?' ನಮ್ಮ 'ಹೇಗಿದ್ದೀರಿ?' ಇದ್ದ ಹಾಗೆ. ರೋಗಿ 48 ಗಂಟೆಯೊಳಗೆ 'ಸಾವಾ' ಅಂದರೆ ಚೆನ್ನಾಗಿದ್ದೇನೆ, ಇಲ್ಲವೇ 'ಶಿದಾ' ಅಂದರೆ ತೊಂದರೆ ಇದೆ ಎಂದು ಉತ್ತರಿಸಬೇಕು. ತೊಂದರೆ ಎಂದವರಿಗೂ ಉತ್ತರವನ್ನೇ ಕೊಡದವರಿಗೂ ನರ್ಸ್ ಫೋನ್ ಮಾಡುತ್ತಿದ್ದರು. ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರು ಈ ಗುಂಪಿನಲ್ಲಿ ಶೇ. 62, ಸಂದೇಶ ಹೋಗದ ಗುಂಪಿನಲ್ಲಿ ಶೇ. 50. ಗಮನಿಸಿ, ಸಂದೇಶದಲ್ಲಿ ಮಾತ್ರೆಯ ಮಾತೇ ಇಲ್ಲ.

ಕೀನ್ಯಾದ್ದೇ ಚುಲೈಂಬೊ ಎಂಬಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕೆಲವರಿಗೆ ದಿನವೂ, ಕೆಲವರಿಗೆ ವಾರಕ್ಕೊಮ್ಮೆ ನೆನಪೋಲೆ ಹೋಯಿತು. ವಾರದ್ದು ಕೆಲಸ ಮಾಡಿತು, ದಿನದ್ದು ಮಾಡಲಿಲ್ಲ. ಮನೆಯಲ್ಲಿ ದಿನಾ 'ಮಾತ್ರೆ ತಗೊಂಡ್ರಾ' ಎಂದು ಕೇಳಿಸಿಕೊಳ್ಳುವ ಯಾರಿಗೂ ಇದು ಆಶ್ಚರ್ಯವಲ್ಲ.

ಮೂರನೆಯದು ನಮ್ಮ ದಕ್ಷಿಣ ಭಾರತದ್ದೇ. ಮೂರು ಚಿಕಿತ್ಸಾ ಕೇಂದ್ರಗಳ 631 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಯಂತ್ರದಿಂದ ಧ್ವನಿ ಕರೆ ಹೋಗುತ್ತಿತ್ತು, ಜೊತೆಗೊಂದು ಚಿತ್ರದ ಸಂದೇಶ. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಸಂದೇಶ ಹೋದ ಗುಂಪಿಗೂ ಹೋಗದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಸ್ಸೆಮ್ಮೆಸ್ ಎಂದರೆ ಮಂತ್ರದಂಡ ಎನ್ನುವವರಿಗೆ ನಾನು ತೋರಿಸುವುದು ಈ ಅಧ್ಯಯನವನ್ನೇ. ಕೀನ್ಯಾದಲ್ಲಿ ಗೆದ್ದದ್ದು ಸಂದೇಶ ಮಾತ್ರ ಅಲ್ಲ, ಅದರ ಹಿಂದೆ ಫೋನ್ ಎತ್ತಿಕೊಂಡು ಕೂತ ನರ್ಸ್ ಕೂಡ ಎಂದು ನನ್ನ ಅನಿಸಿಕೆ.

ಹೆಜ್ಜೆ 1: ಮೊದಲು ಔಷಧದ ಸ್ಟಾಕ್ ನೋಡಿ

ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ. ನಾನೂ ಇಟ್ಟಿದ್ದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಮೊದಲ ಸಲ ಕಳಿಸಿದ ಸಂದೇಶಕ್ಕೆ ಎಂದೂ ಬಾರದವರೆಲ್ಲ ಬಂದರು. ಕಾರಿಡಾರಿನ ಬೆಂಚು ತುಂಬಿ, ಜನ ಮೆಟ್ಟಿಲ ಮೇಲೆ ಕೂತರು. ಹನ್ನೊಂದು ಗಂಟೆಗೆ ಫಾರ್ಮಸಿಸ್ಟ್ ಬಂದು ನನ್ನ ಕಿವಿಯಲ್ಲಿ, 'ಸಿಸ್ಟರ್, ಆಮ್ಲೋಡಿಪಿನ್ ಇಷ್ಟೇ ಇರೋದು' ಎಂದು ಆ ಬಿಪಿ ಮಾತ್ರೆಯ ಎರಡು ಸ್ಟ್ರಿಪ್ ತೋರಿಸಿದರು. ಔಷಧ ಬೇಕೆಂಬ ಬೇಡಿಕೆ ಪಟ್ಟಿ (ಇಂಡೆಂಟ್) ಹೋಗಿತ್ತು, ಮಾಲು ಬಂದಿರಲಿಲ್ಲ. ಎರಡು ಬಸ್ ಬದಲಾಯಿಸಿ ಬಂದಿದ್ದ ಒಬ್ಬ ಅಜ್ಜಿ, 'ಮೆಸೇಜ್ ಮಾಡಿ ಕರ್ಸಿಬಿಟ್ಟು ಈಗ ಮಾತ್ರೆ ಇಲ್ಲಾ ಅಂತೀಯಲ್ಲವ್ವಾ' ಎಂದರು. ಬೈಗುಳವೇನಲ್ಲ. ಅದಾದ ಮೇಲೆ ನಾಲ್ಕು ತಿಂಗಳು ಅವರ ಕಾರ್ಡು ಡಬ್ಬದಲ್ಲೇ ಉಳಿಯಿತು.

ಹಾಗಾಗಿ ನಿಯಮ ಇಷ್ಟೇ: ಸಂದೇಶ ಕಳಿಸುವ ಹಿಂದಿನ ದಿನ ಫಾರ್ಮಸಿಗೆ ಹೋಗಿ ಬಿಪಿಯ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಶುಗರಿನ ಮೆಟ್‌ಫಾರ್ಮಿನ್ ಮೂರನ್ನೂ ಕಣ್ಣಾರೆ ಎಣಿಸಿ. ಒಬ್ಬರಿಗೆ 30 ದಿನದ ಮಾತ್ರೆ ಎಂದು ಹಿಡಿದು, ಕರೆಯುವ ಎಲ್ಲರೂ ಬಂದರೆ ಸಾಲುತ್ತದೆಯೇ ಎಂದು ಲೆಕ್ಕ ಹಾಕಿ. ಸಾಲದಿದ್ದರೆ ಆ ವಾರ ಸಂದೇಶವೇ ಬೇಡ. ಗ್ಲೂಕೋಮೀಟರಿನ ಸ್ಟ್ರಿಪ್, ಬಿಪಿ ಮಷೀನಿನ ಬ್ಯಾಟರಿಗೂ ಇದೇ ಮಾತು.

ಹೆಜ್ಜೆ 2: ಪಟ್ಟಿ

ಆ್ಯಪ್ ಇರಲಿ, ಎಕ್ಸೆಲ್ ಇರಲಿ, ಗೆರೆ ಹಾಕಿದ ಉದ್ದ ಪುಸ್ತಕ ಇರಲಿ, ಪಟ್ಟಿ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಈ ವಾರ ಯಾರು ಬರಬೇಕು? ಕಳೆದ ವಾರ ಬರಬೇಕಿದ್ದವರಲ್ಲಿ ಯಾರು ಬಂದಿಲ್ಲ? ಮೂರು ತಿಂಗಳಿಂದ ಯಾರ ಸುದ್ದಿಯೇ ಇಲ್ಲ? ಮೂವರಿಗೂ ಒಂದೇ ಸಂದೇಶ ಸಾಲದು. ಮೂರನೆಯ ಗುಂಪಿಗಂತೂ ಸಂದೇಶವೇ ಸಾಲದು.

ಗಾತ್ರದ ಅಂದಾಜಿಗೆ ಒಂದು ಲೆಕ್ಕ. ಬಯಲು ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಎಂದರೆ ಮಾನದಂಡದ ಪ್ರಕಾರ 30,000 ಜನಸಂಖ್ಯೆಗೆ ಒಂದು. ಅದರ ರಿಜಿಸ್ಟರಿನಲ್ಲಿ 600 ಬಿಪಿ-ಶುಗರಿನವರಿದ್ದಾರೆ ಎಂದುಕೊಳ್ಳಿ. ತಿಂಗಳಿಗೊಮ್ಮೆ ಬರಬೇಕಾದವರು ಎಂದರೆ ವಾರಕ್ಕೆ 150 ಜನ. ಅವರಲ್ಲಿ ಮೂರನೇ ಒಂದು ಪಾಲು ಬರಲಿಲ್ಲ ಎಂದರೂ ವಾರಕ್ಕೆ 50 ಹೆಸರು. ಫೋನ್ ಮಾಡಬಹುದಾದಷ್ಟೇ ಸಂಖ್ಯೆ ಇದು. ಆದರೆ ಪಟ್ಟಿಯನ್ನು ತಿಂಗಳ ಕೊನೆಗೆ ಮಾಡಿದರೆ ಅದೇ 200 ಆಗಿ, ಯಾರೂ ಮುಟ್ಟುವುದಿಲ್ಲ. ಅದಕ್ಕೆ ಪಟ್ಟಿ ವಾರಕ್ಕೊಮ್ಮೆ, ಕ್ಲಿನಿಕ್ ಮುಗಿದ ದಿನವೇ ಆಗಬೇಕು.

ಇನ್ನು ಫೋನ್ ನಂಬರ್. ರಿಜಿಸ್ಟರಿನಲ್ಲಿ ಬರೆದಿರುವ ಹತ್ತು ಅಂಕಿ ಯಾರದು? ಮಗನದು, ಪಕ್ಕದ ಮನೆಯವರದು, ಎಂದೋ ಕಳೆದುಹೋದ ಸಿಮ್ಮಿನದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಶೇ. 54 ಮಾತ್ರ. ಅವರಲ್ಲೂ ಎಸ್ಸೆಮ್ಮೆಸ್ ಓದಬಲ್ಲವರು ಶೇ. 71. ಹಾಗಾಗಿ ನಂಬರಿನ ಪಕ್ಕ ಇನ್ನೆರಡು ಕಾಲಂ ಎಳೆಯಿರಿ: 'ಫೋನ್ ಯಾರದು', 'ಓದುವವರು ಯಾರು'. ನಂಬರ್ ಬರೆದುಕೊಂಡ ಕೂಡಲೇ ಅಲ್ಲೇ ಒಂದು ರಿಂಗ್ ಕೊಡಿ. ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಸದ್ದಾದರೆ ನಂಬರ್ ಸರಿ. ಅರ್ಧ ನಿಮಿಷದ ಕೆಲಸ. ನಾನು ಹೀಗೆ ಮಾಡಲು ಶುರು ಮಾಡಿದ ಮೇಲೆ ತಪ್ಪು ನಂಬರಿನ ತಲೆನೋವು ಬಹುಪಾಲು ತಪ್ಪಿತು. ಆ ರಿಂಗಿನಿಂದ ಆಸ್ಪತ್ರೆಯ ನಂಬರ್ ಅವರ ಫೋನಿಗೂ ಹೋಯಿತು, ಅಲ್ಲೇ 'ಆಸ್ಪತ್ರೆ' ಎಂದು ಸೇವ್ ಮಾಡಿಕೊಡಿ.

ತೀರಿಕೊಂಡವರನ್ನೂ ಊರು ಬಿಟ್ಟವರನ್ನೂ ಪಟ್ಟಿಯಿಂದ ತೆಗೆಯುವುದಕ್ಕೆ ಒಂದು ದಿನ ಗೊತ್ತುಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರ ತಿಂಗಳ ಸಭೆ ಇದಕ್ಕೆ ಸರಿ. ಹೆಸರು ಓದುತ್ತಾ ಹೋದರೆ ಅವರೇ ಹೇಳುತ್ತಾರೆ. ತಿಥಿ ನಡೆಯುವ ಮನೆಗೆ 'ನಿಮ್ಮ ಮಾತ್ರೆ ತೆಗೆದುಕೊಂಡು ಹೋಗಿ' ಎಂಬ ಸಂದೇಶ ಹೋಗುವುದು ಏನೆಂದು ನನಗೆ ಗೊತ್ತು, ವಿವರ ಬೇಡ.

ಹೆಜ್ಜೆ 3: ಕೇಳಿ, ಒಪ್ಪಿಗೆ ಪಡೆಯಿರಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದರಿಂದ ಮಾತ್ರ ಅಲ್ಲ, ಮರ್ಯಾದೆಯ ಮಾತಿದು. ಅರ್ಜಿ ನಮೂನೆ ತುಂಬಿಸುತ್ತಾ ಕೂರಬೇಕಿಲ್ಲ. ಕಾರ್ಡು ಮಾಡುವಾಗ ಕೇಳಿ: 'ಮಾತ್ರೆ ಮುಗಿಯೋ ಹೊತ್ತಿಗೆ ಈ ನಂಬರಿಗೆ ಮೆಸೇಜ್ ಕಳಿಸ್ಲಾ? ಬೇರೆಯವರು ಓದಿದ್ರೆ ಪರವಾಗಿಲ್ವಾ?' ಎರಡನೇ ಪ್ರಶ್ನೆಯೇ ಮುಖ್ಯ. ಹೂಂ ಎಂದರೆ ಕಾರ್ಡಿನಲ್ಲಿ ಗುರುತು, ತಾರೀಖು, ಸಹಿ ಅಥವಾ ಹೆಬ್ಬೆಟ್ಟು. ಬೇಡ ಎಂದರೆ ಅದಕ್ಕೂ ಗುರುತು. ಮದುವೆಗೆ ಬಂದ ಮಗಳಿಗೆ ಶುಗರ್ ಎಂದು ಬೀಗರಿಗೆ ಗೊತ್ತಾಗಬಾರದು ಎನ್ನುವವರಿದ್ದಾರೆ. ಅದು ಅವರ ಹಕ್ಕು.

ಎಚ್‌ಐವಿಯ ವಿಷಯದಲ್ಲಿ 2017ರ ಕಾಯ್ದೆ ಗೋಪ್ಯತೆಯನ್ನು ಕಟ್ಟುನಿಟ್ಟು ಮಾಡಿದೆ. ಅಲ್ಲಿ ಸಂದೇಶದಲ್ಲಿ ಕೇಂದ್ರದ ಹೆಸರು, ಮಾತ್ರೆ ಎಂಬ ಪದ ಕೂಡ ಬೇಡ. ಕ್ಷಯದ ರೋಗಿಗಳಿಗೂ ನಾನು ಹಾಗೆಯೇ ಮಾಡುತ್ತೇನೆ. 'ನಿಮ್ಮ ಗುರುವಾರದ ಭೇಟಿ ನೆನಪಿರಲಿ' ಎಂದಷ್ಟೇ ಇದ್ದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ವಾಟ್ಸಾಪ್ ಗ್ರೂಪ್ ಮಾಡೋಣ ಎಂದು ಯಾರಾದರೂ ಉತ್ಸಾಹಿಗಳು ಹೇಳಿಯೇ ಹೇಳುತ್ತಾರೆ. ಬೇಡ. ಗ್ರೂಪಿಗೆ ಸೇರಿಸಿದ ಕ್ಷಣ ಊರಿನ ಎಲ್ಲ ಶುಗರ್ ರೋಗಿಗಳ ಹೆಸರು, ಫೋಟೊ, ನಂಬರ್ ಒಬ್ಬರಿಗೊಬ್ಬರಿಗೆ ಕಾಣುತ್ತದೆ. ಸಂಜೆಯೊಳಗೆ ಹಾಗಲಕಾಯಿ ರಸದ ಫಾರ್ವರ್ಡ್ ಬರುತ್ತದೆ.

ಹೆಜ್ಜೆ 4: ಸಂದೇಶ ಬರೆಯುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯಲ್ಲಿ 70. ಅದನ್ನು ದಾಟಿದರೆ ಸಂದೇಶ ತುಂಡಾಗುತ್ತದೆ, ಪ್ರತಿ ತುಂಡಿಗೆ 67 ಮಾತ್ರ. ದುಡ್ಡು ತುಂಡಿನ ಲೆಕ್ಕದಲ್ಲಿ ಬೀಳುತ್ತದೆ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಎರಡು ತುಂಡು ಒಮ್ಮೊಮ್ಮೆ ಹಿಂದುಮುಂದಾಗಿ ಬರುವುದೂ ಉಂಟು.

ಈ 70 ಎಂಬುದನ್ನು ನಾವು ಎಣಿಸುವ ಹಾಗೆ ಫೋನ್ ಎಣಿಸುವುದಿಲ್ಲ. 'ಆಸ್ಪತ್ರೆಗೆ' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಆ, ಸ್ಪ, ತ್ರೆ, ಗೆ. ಫೋನಿಗೆ ಹತ್ತು. ಮೂಲ ವ್ಯಂಜನಕ್ಕೊಂದು, ಒತ್ತು ಕೊಡುವ ಅರ್ಧಾಕ್ಷರದ ಚಿಹ್ನೆಗೊಂದು, ಒತ್ತಕ್ಷರಕ್ಕೊಂದು, ಎತ್ವಕ್ಕೊಂದು. 'ಸ್ತ್ರೀ' ಎಂಬ ಒಂದೇ ಅಕ್ಷರ ಆರನ್ನು ನುಂಗುತ್ತದೆ. 'ಪಿಎಚ್‌ಸಿ' ಎಂದು ಬರೆದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವೂ ಲೆಕ್ಕಕ್ಕೆ ಬರುತ್ತದೆ. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿಕೊಂಡಷ್ಟೂ ಜಾಗ ಉಳಿಯುತ್ತದೆ, ಅದೃಷ್ಟಕ್ಕೆ ಅಂಥ ಪದಗಳೇ ಓದಲು ಸುಲಭ.

ಕಚೇರಿಯ ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಆತ್ಮೀಯ ಫಲಾನುಭವಿಗಳೇ, ಅಸಾಂಕ್ರಾಮಿಕ ರೋಗಗಳ ತಪಾಸಣೆ ಹಾಗೂ ಅನುಸರಣಾ ಭೇಟಿಗಾಗಿ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡತಕ್ಕದ್ದು.

ಇದು 122, ಅಂದರೆ ಎರಡು ತುಂಡು. ಯಾವಾಗ ಬರಬೇಕು, ಏನು ತರಬೇಕು, ಎರಡೂ ಇಲ್ಲ. 'ಅಸಾಂಕ್ರಾಮಿಕ' ಓದಿ ಗಾಬರಿಯಾಗಿ ಕೊರೊನಾ ಬಂತಾ ಎಂದು ಕೇಳಿದವರಿದ್ದಾರೆ. ಈಗ ಇದನ್ನು ನೋಡಿ:

ಮಂಗಳವಾರ ಆಸ್ಪತ್ರೆಗೆ ಬನ್ನಿ. ಚೀಟಿ, ಮಾತ್ರೆ ಪೊಟ್ಟಣ ತನ್ನಿ.

ಇದು 52. ಉಳಿದ 18ರಲ್ಲಿ ಆಸ್ಪತ್ರೆಯ ಊರಿನ ಹೆಸರು ಹಾಕಬಹುದು. ಮಾತ್ರೆ ಪೊಟ್ಟಣ ತರಲು ಹೇಳುವುದೇಕೆಂದರೆ, ಎಷ್ಟು ಮಾತ್ರೆ ಉಳಿದಿದೆ ಎಂದು ಕಂಡರೆ ಎಷ್ಟು ದಿನ ಬಿಟ್ಟಿದ್ದಾರೆ ಎಂದು ಕೇಳದೆಯೇ ಗೊತ್ತಾಗುತ್ತದೆ.

ಬಾರದವರಿಗೆ ಮೂರನೇ ದಿನ:

ಮಂಗಳವಾರ ನೀವು ಬರಲಿಲ್ಲ. ಮಾತ್ರೆ ತೆಗೆದಿಟ್ಟಿದ್ದೇವೆ. ಶುಕ್ರವಾರ ಬನ್ನಿ.

ಇದು 62. ಇದರಲ್ಲಿ ನಡುವಿನ ವಾಕ್ಯವೇ ಜೀವ. 'ನೀವು ಬರದಿದ್ದರೆ ಲಕ್ವ ಹೊಡೆಯಬಹುದು' ಎಂದು ಹೆದರಿಸುವ ಸಂದೇಶವನ್ನೂ ಒಮ್ಮೆ ಕಳಿಸಿ ನೋಡಿದ್ದೇನೆ. ಬಂದವರು ಕಡಿಮೆ, ಬಂದವರ ಬಿಪಿ ಜಾಸ್ತಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ 160 ಸಿಗುತ್ತದಲ್ಲ ಎನ್ನಬಹುದು. ಹುಡುಗರು ಓದುತ್ತಾರೆ, ಅರವತ್ತು ದಾಟಿದವರು ಓದುವುದಿಲ್ಲ. ಅರವತ್ತು ದಾಟಿದವರೇ ನಮ್ಮ ರೋಗಿಗಳು. ಕನ್ನಡ ಲಿಪಿ ಬರದ ಕೆಲವು ಹಳೇ ಫೋನುಗಳಲ್ಲಿ ಚೌಕಚೌಕ ಕಾಣುತ್ತದೆ. ಅದಕ್ಕೆ ಪರೀಕ್ಷೆ ನಿಮ್ಮ ಸ್ಮಾರ್ಟ್‌ಫೋನಿನಲ್ಲಿ ಬೇಡ, ಓಪಿಯಲ್ಲಿ ಕೂತ ಹತ್ತು ಜನರ ಫೋನಿನಲ್ಲಿ ಮಾಡಿ. ಚೌಕ ಕಂಡವರ ಕಾರ್ಡಿನಲ್ಲಿ 'ಕರೆ ಮಾಡಿ' ಎಂದು ಬರೆದುಬಿಡಿ.

ಸಂದೇಶದಲ್ಲಿ ಲಿಂಕ್ ಬೇಡವೇ ಬೇಡ. ಒಟಿಪಿ, ಆಧಾರ್ ಸಂಖ್ಯೆ ಕೇಳುವುದಂತೂ ಇಲ್ಲ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರು ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ, ಅವರ ಕಥೆ ಎಲ್ಲರಿಗೂ ಗೊತ್ತು.

ಹೆಜ್ಜೆ 5: ಕಳಿಸುವ ದಾರಿ

ಎರಡು ದಾರಿ ಇದೆ. ವಾರಕ್ಕೆ ಐವತ್ತು-ಅರವತ್ತು ಸಂದೇಶವಾದರೆ ಆಸ್ಪತ್ರೆಯ ಹೆಸರಿನ ಒಂದು ಸಿಮ್, ಒಂದು ಸಾಧಾರಣ ಫೋನ್ ಸಾಕು. ಸಾಮಾನ್ಯ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಮಿತಿ, ಎರಡು ತುಂಡಾದದ್ದು ಎರಡೆಂದೇ ಲೆಕ್ಕ. ಈ ದಾರಿಯ ದೊಡ್ಡ ಲಾಭ: ರೋಗಿ ಅದೇ ನಂಬರಿಗೆ ತಿರುಗಿ ಕರೆ ಮಾಡಬಹುದು. ಅಪಾಯ: ಒಂದೇ ಮಾತನ್ನು ನೂರಾರು ಜನಕ್ಕೆ ತಳ್ಳಿದರೆ, ಯಾರಾದರೂ ಸ್ಪ್ಯಾಮ್ ಎಂದು ದೂರು ಕೊಟ್ಟರೆ, ನಂಬರಿಗೇ ಕುತ್ತು ಬರಬಹುದು. ಚಿಕ್ಕದಾಗಿ ಶುರು ಮಾಡುವುದಕ್ಕೆ ಮಾತ್ರ ಇದು.

ದೊಡ್ಡದಾಗಿ ಮಾಡುವುದಾದರೆ ಕಂಪ್ಯೂಟರಿನಿಂದ ಒಟ್ಟಿಗೆ ಸಂದೇಶ ಕಳಿಸುವ ಗೇಟ್‌ವೇ ಬೇಕು, ಅದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮ ಪಾಲಿಸಬೇಕು. ಡಿಎಲ್‌ಟಿ ಎನ್ನುವ ವ್ಯವಸ್ಥೆಯಲ್ಲಿ ಸಂಸ್ಥೆ ನೋಂದಣಿಯಾಗಬೇಕು, ನಂಬರಿನ ಬದಲು ಕಾಣುವ ಆರು ಅಕ್ಷರದ ಹೆಸರು, ಅಂದರೆ ಹೆಡರ್ ಪಡೆಯಬೇಕು, ಕಳಿಸುವ ಪ್ರತಿಯೊಂದು ಸಂದೇಶದ ಮಾದರಿ (ಟೆಂಪ್ಲೇಟ್) ಮೊದಲೇ ಒಪ್ಪಿಗೆಯಾಗಿರಬೇಕು. ಹೆಸರು, ದಿನ ಬದಲಾಗುವ ಜಾಗವನ್ನು 'ವೇರಿಯಬಲ್' ಎಂದು ಗುರುತಿಸಬೇಕು. ಒಂದು ವೇರಿಯಬಲ್‌ಗೆ ಇಷ್ಟೇ ಅಕ್ಷರ ಎಂಬ ಮಿತಿಯೂ ಇದೆ. ಸಂಸ್ಥೆಯ ಹೆಸರಿಲ್ಲದ ಟೆಂಪ್ಲೇಟ್ ವಾಪಸ್ ಬರುವುದುಂಟು, ಮೊದಲೇ ಸೇರಿಸಿಬಿಡಿ. ಒಪ್ಪಿಗೆಯಾದ ಟೆಂಪ್ಲೇಟಿಗೂ ಕಳಿಸುವ ಸಂದೇಶಕ್ಕೂ ಒಂದು ಚುಕ್ಕಿ ವ್ಯತ್ಯಾಸವಾದರೂ ಸಂದೇಶ ಹೋಗುವುದಿಲ್ಲ. ಹೋಗಲಿಲ್ಲ ಎಂದು ನಿಮಗೆ ಯಾರೂ ಹೇಳುವುದೂ ಇಲ್ಲ, ವರದಿ ತೆರೆದು ನೋಡಿದರೆ ಮಾತ್ರ ಗೊತ್ತು.

ಪಿಎಚ್‌ಸಿಯೊಂದು ತಾನಾಗಿ ಇದಕ್ಕೆಲ್ಲ ಓಡಾಡುವುದು ದಂಡ. ಮೆಡಿಕಲ್ ಆಫೀಸರ್ ಮೂಲಕ ತಾಲ್ಲೂಕು, ಜಿಲ್ಲಾ ಕಚೇರಿಗೆ ಬರೆಸಿ. ಇಲಾಖೆಯ ಹೆಡರ್ ಇದ್ದರೆ ನಿಮ್ಮ ಟೆಂಪ್ಲೇಟನ್ನಷ್ಟೇ ಸೇರಿಸಿಕೊಳ್ಳಬಹುದು. ಸರ್ಕಾರಿ ಕಚೇರಿಗಳಿಗೆಂದೇ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಗಳಾದ ಸಿ-ಡ್ಯಾಕ್‌ನ ಮೊಬೈಲ್ ಸೇವಾ, ಎನ್‌ಐಸಿಯ ಗೇಟ್‌ವೇಗಳೂ ಇವೆ. 2025ರಿಂದ ಹೆಡರಿನ ಕೊನೆಗೆ ಒಂದು ಅಕ್ಷರ ಬರುತ್ತದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರದ್ದಕ್ಕೆ ಜಿ. ಕೊನೆಗೆ ಜಿ ಇದೆಯಾ ನೋಡಿ ಎಂದು ರೋಗಿಗಳ ಮನೆಯ ಓದಿದ ಮಕ್ಕಳಿಗೆ ಹೇಳಿಕೊಡಬಹುದು.

ಒಂದು ತೊಡಕು ಮೊದಲೇ ಗೊತ್ತಿರಲಿ. ಹೆಡರಿನಿಂದ ಬಂದ ಸಂದೇಶಕ್ಕೆ ರೋಗಿ ಉತ್ತರ ಬರೆಯಲಾಗದು. ಅಂದರೆ ಕೀನ್ಯಾದ 'ಶಿದಾ' ಇಲ್ಲಿ ಸಾಧ್ಯವಿಲ್ಲ. ಅದಕ್ಕೆ ನಮ್ಮ ಜನ ಎಂದೋ ಕಂಡುಹಿಡಿದ ಉಪಾಯವೇ ದಾರಿ: ಮಿಸ್ಡ್ ಕಾಲ್. ಆಸ್ಪತ್ರೆಯ ಫೋನ್ ನಂಬರನ್ನು ಸಂದೇಶದ ಕೊನೆಗೆ ಹಾಕಿ, 'ಬರಲು ಆಗದಿದ್ದರೆ ಮಿಸ್ಡ್ ಕಾಲ್ ಕೊಡಿ' ಎಂದು ಸೇರಿಸಿ. ಆಗ ಸಂದೇಶ ಎರಡು ತುಂಡಾಗುತ್ತದೆ. ಆಗಲಿ, ಈ ಖರ್ಚು ಸಾರ್ಥಕ.

ಹೆಜ್ಜೆ 6: ಯಾವಾಗ

ಬರಬೇಕಾದ ದಿನಕ್ಕೆ ಎರಡು ದಿನ ಮೊದಲು ಒಂದು, ಬಾರದಿದ್ದರೆ ಮೂರನೇ ದಿನ ಒಂದು. ಅಲ್ಲಿಗೆ ಸಂದೇಶ ಮುಗಿಯಿತು. ಆರನೇ ದಿನ ಫೋನ್, ಹತ್ತನೇ ದಿನದೊಳಗೆ ಮನೆ ಭೇಟಿ. ಸಂದೇಶ ಕಳಿಸುವ ಹೊತ್ತು ಸಂಜೆ ಆರರಿಂದ ಎಂಟು: ಕೂಲಿಗೆ ಹೋದವರು ಬಂದಿರುತ್ತಾರೆ, ಫೋನ್ ಹಿಡಿದ ಮೊಮ್ಮಕ್ಕಳೂ ಮನೆಯಲ್ಲಿರುತ್ತಾರೆ, ಓದಿ ಹೇಳುತ್ತಾರೆ. ಸಂತೆಯ ದಿನ, ಜಾತ್ರೆ, ನಾಟಿ-ಕೊಯ್ಲಿನ ವಾರಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ. ಸಂತೆಯ ದಿನವೇ ಕ್ಲಿನಿಕ್ ಇಟ್ಟರೆ ಸಂದೇಶವಿಲ್ಲದೆಯೂ ಅರ್ಧ ಜನ ಬರುತ್ತಾರೆ ಎಂಬುದು ಬೇರೆ ಮಾತು. ಮೆಡಿಕಲ್ ಆಫೀಸರ್ ಒಪ್ಪಿದರೆ ಅದನ್ನೇ ಮೊದಲು ಮಾಡಿ.

ಹೆಜ್ಜೆ 7: ಮಿಸ್ಡ್ ಕಾಲ್ ಬಂದ ಮೇಲೆ

ನಿಜವಾದ ಫಾಲೋ-ಅಪ್ ಶುರುವಾಗುವುದು ಇಲ್ಲಿ. ದಿನಕ್ಕೆ ಒಂದು ಗಂಟೆ, ಓಪಿ ಮುಗಿದ ಮೇಲೆ, ಒಬ್ಬರು ಫೋನಿನ ಮುಂದೆ ಕೂರಬೇಕು. ಆ ಒಬ್ಬರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇರಬೇಕು, 'ಯಾರಾದರೂ ಮಾಡಿ' ಎಂದರೆ ಯಾರೂ ಮಾಡುವುದಿಲ್ಲ. ಕೈಯಲ್ಲಿ ಒಂದು ನೋಟ್‌ಬುಕ್: ತಾರೀಖು, ಕಾರ್ಡ್ ನಂಬರ್, ಬಾರದ ಕಾರಣ, ಏನು ಮಾಡಿದೆವು.

'ಯಾಕ್ ಬರ್ಲಿಲ್ಲ' ಎಂದು ಮಾತು ಶುರು ಮಾಡಬೇಡಿ. 'ಹೇಗಿದ್ದೀರಾ, ಮಾತ್ರೆ ಒಗ್ತಾ ಇದ್ಯಾ' ಎಂದು ಕೇಳಿ. ನನ್ನ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬರುವ ಉತ್ತರಗಳು ಇವು. 'ಹೋದ್ಸಲ ಬಿಪಿ ಸರಿಯಿದೆ ಅಂದ್ರಲ್ಲ, ಅದಕ್ಕೇ ನಿಲ್ಲಿಸ್ದೆ.' ಇದು ನಮ್ಮದೇ ತಪ್ಪು, ಮಾತ್ರೆಯಿಂದಲೇ ಸರಿಯಿದೆ ಎಂದು ನಾವು ಬಿಡಿಸಿ ಹೇಳಿರಲಿಲ್ಲ. 'ಬಸ್ಸೇನೋ ಫ್ರೀ, ಕೂಲಿ ಯಾರು ಕೊಡ್ತಾರೆ?' ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾರಿಗೆ ಬಸ್ಸಿನ ಖರ್ಚು ತಪ್ಪಿದೆ, ಒಂದು ದಿನದ ದುಡಿಮೆ ಹೋಗುವುದು ತಪ್ಪಿಲ್ಲ. ಅವರಿಗೆ ಹತ್ತಿರದ ಸಬ್‌ಸೆಂಟರಿನಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಿಂದಲೇ ಮಾತ್ರೆ ಸಿಗುವ ಹಾಗೆ ಬರೆಸಿಕೊಟ್ಟರೆ ಸಮಸ್ಯೆ ಮುಗಿಯಿತು.

ಒಂದು ಕರೆಯನ್ನು ಪೂರ್ತಿ ಹೇಳುತ್ತೇನೆ. ಐವತ್ತೈದರ ಒಬ್ಬ ಹೆಂಗಸು, ಎರಡು ತಿಂಗಳಿಂದ ಬಂದಿರಲಿಲ್ಲ. ಸಂದೇಶಕ್ಕೆ ಮಿಸ್ಡ್ ಕಾಲ್ ಕೊಟ್ಟರು. ಮೊದಲು 'ಮಗಳ ಬಾಣಂತನ' ಎಂದರು. ಆಮೇಲೆ 'ಪುರುಸೊತ್ತಿಲ್ಲ' ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, 'ಸಿಸ್ಟ್ರೇ, ಆ ಮಾತ್ರೆ ತಗೊಂಡ್ರೆ ಸಾಯಂಕಾಲಕ್ಕೆ ಕಾಲು ಊದ್ಕೊಳ್ತದೆ, ಕಾಲ್ಗೆಜ್ಜೆ ಹಾಕಕ್ಕಾಗಲ್ಲ. ಕಿಡ್ನಿಗೆ ಏನಾದ್ರೂ ಆಯ್ತೇನೋ ಅಂತ ಬಿಟ್ಟೆ' ಎಂದರು. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುವುದುಂಟು. ಆದರೆ ಅದೇ ಕಾರಣ ಎಂದು ಫೋನಿನಲ್ಲಿ ತೀರ್ಮಾನ ಮಾಡುವುದು ನನ್ನ ಕೆಲಸವಲ್ಲ. ಮರುದಿನ ಬಂದರು, ಡಾಕ್ಟರು ನೋಡಿ ಮಾತ್ರೆ ಬದಲಾಯಿಸಿದರು. ಕೂತು ಕೇಳದಿದ್ದರೆ ಅವರು ನಮ್ಮ ರಿಜಿಸ್ಟರಿನಲ್ಲಿ 'ಸಹಕರಿಸದ ರೋಗಿ' ಆಗಿ ಉಳಿಯುತ್ತಿದ್ದರು.

ಫೋನಿನಲ್ಲಿ ಡೋಸ್ ಬದಲಾಯಿಸಬೇಡಿ, ಯಾರು ಎಷ್ಟು ಕೇಳಿಕೊಂಡರೂ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಎಂದರೆ ಮಾತು ಬೆಳೆಸದೆ 108 ಎನ್ನಿ, ಆ ಕೂಡಲೇ ಡಾಕ್ಟರಿಗೆ ತಿಳಿಸಿ. ಆ ಒಂದು ಗಂಟೆ ಬಿಟ್ಟು ಉಳಿದ ಹೊತ್ತಿನಲ್ಲಿ ಸಲಹೆ ಬೇಕಾದವರಿಗೆ 104 ಸಹಾಯವಾಣಿಯ ನಂಬರ್ ಕಾರ್ಡಿನ ಹಿಂದೆ ಬರೆದುಕೊಡಿ.

ಹೆಜ್ಜೆ 8: ಆಶಾಗೆ ಕೊಡುವ ಪಟ್ಟಿ

ಫೋನಿಗೂ ಸಿಗದವರ ಹೆಸರು ಆಶಾ ಕಾರ್ಯಕರ್ತೆಗೆ ಹೋಗುತ್ತದೆ. ಐದಕ್ಕಿಂತ ಹೆಚ್ಚು ಹೆಸರು ಒಂದು ವಾರಕ್ಕೆ ಕೊಡಬೇಡಿ. ಅವರಿಗೆ ಗರ್ಭಿಣಿಯರು, ಲಸಿಕೆ, ಸಮೀಕ್ಷೆ ಎಂದು ಕೈತುಂಬ ಕೆಲಸವಿದೆ.

ಎಸ್ಸೆಮ್ಮೆಸ್ ಇಲ್ಲಿ ಉಲ್ಟಾ ದಿಕ್ಕಿನಲ್ಲಿ ಚೆನ್ನಾಗಿ ಓಡುತ್ತದೆ. 2008ರಲ್ಲಿ ಆಫ್ರಿಕಾದ ಮಲಾವಿಯ ನಮಿಟೆಟೆ ಎಂಬಲ್ಲಿನ ಸೇಂಟ್ ಗೇಬ್ರಿಯಲ್ ಆಸ್ಪತ್ರೆಯಲ್ಲಿ ಒಂದು ಲ್ಯಾಪ್‌ಟಾಪ್, ಫ್ರಂಟ್‌ಲೈನ್ ಎಸ್ಸೆಮ್ಮೆಸ್ ಎಂಬ ಉಚಿತ ತಂತ್ರಾಂಶ, ಊರೂರಿನ ಆರೋಗ್ಯ ಕಾರ್ಯಕರ್ತರ ಕೈಯಲ್ಲಿ ಅಗ್ಗದ ಫೋನು, ಇಷ್ಟರಲ್ಲೇ ಕೆಲಸ ನಡೆಯಿತು. ರೋಗಿ ಹೇಗಿದ್ದಾರೆ, ಮಾತ್ರೆ ತಗೊಂಡರಾ ಎಂದು ಅವರು ಆಸ್ಪತ್ರೆಗೆ ಸಂದೇಶ ಕಳಿಸುತ್ತಿದ್ದರು. ಆರು ತಿಂಗಳಲ್ಲಿ ಓಡಾಟದ ಸುಮಾರು 1,200 ಗಂಟೆ ಉಳಿಯಿತು ಎಂದು ಲೆಕ್ಕ ಹಾಕಿದರು. ನಮ್ಮಲ್ಲೂ ಆಶಾ ಕಾರ್ಡ್ ನಂಬರ್ ಬರೆದು ಒಂದು ಅಂಕಿ ಕಳಿಸಿದರೆ ಸಾಕು: 1 ಎಂದರೆ ಸಿಕ್ಕರು, ಬರುತ್ತಾರೆ. 2 ಎಂದರೆ ಊರಲ್ಲಿಲ್ಲ. 3 ಎಂದರೆ ಬೇರೆ ಕಡೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 4 ಎಂದರೆ ತೀರಿಕೊಂಡರು. 5 ಎಂದರೆ ನೀವೇ ಮಾತಾಡಿ. ಹೆಸರು, ಕಾಯಿಲೆ ಬರೆಯುವ ಹಾಗಿಲ್ಲ.

ಹೆಜ್ಜೆ 9: ಲೆಕ್ಕ

'ಈ ತಿಂಗಳು 480 ಸಂದೇಶ ಕಳಿಸಲಾಗಿದೆ' ಎಂಬುದು ಮೀಟಿಂಗಿಗೆ ಚೆಂದ, ಉಪಯೋಗಕ್ಕಿಲ್ಲ. 'ಡೆಲಿವರ್ಡ್' ಎಂದು ಬಂದರೆ ಫೋನಿಗೆ ತಲುಪಿತು ಎಂದಷ್ಟೇ ಅರ್ಥ. ನಾನು ಇಡುವುದು ಎರಡೇ ಲೆಕ್ಕ. ಬಾರದವರಲ್ಲಿ ಸಂದೇಶ ಹೋದ ಏಳು ದಿನದೊಳಗೆ ಎಷ್ಟು ಜನ ಬಂದರು? ರಿಜಿಸ್ಟರಿನ ಒಟ್ಟು ಬಿಪಿ ರೋಗಿಗಳಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ? ಎರಡನೆಯದರಲ್ಲಿ ಬಾರದವರನ್ನು ಬಿಟ್ಟು ಎಣಿಸುವ ಆಸೆ ಎಲ್ಲರಿಗೂ ಬರುತ್ತದೆ, ಅಂಕಿ ಚೆನ್ನಾಗಿ ಕಾಣುತ್ತದೆ. ಬಾರದವರನ್ನು 'ಹತೋಟಿಯಲ್ಲಿಲ್ಲ' ಎಂದೇ ಎಣಿಸಿ.

ಸಾಧ್ಯವಾದರೆ ಮೊದಲ ಎರಡು ತಿಂಗಳು ಎರಡು ಸಬ್‌ಸೆಂಟರಿನವರಿಗೆ ಮಾತ್ರ ಕಳಿಸಿ, ಉಳಿದವರ ಜೊತೆ ಹೋಲಿಸಿ ನೋಡಿ. ವ್ಯತ್ಯಾಸವೇ ಕಾಣದಿದ್ದರೆ ಸಂದೇಶ ಬದಲಾಯಿಸುವ ಮೊದಲು ಹೆಜ್ಜೆ 7ಕ್ಕೆ ಹೋಗಿ, ಆ ಒಂದು ಗಂಟೆ ನಿಜವಾಗಿ ನಡೆಯುತ್ತಿದೆಯೇ ನೋಡಿ.

ಇನ್ನೊಂದು, ಕೊನೆಯದು. ಈ ಫೋನು, ಸಿಮ್ಮು, ನೋಟ್‌ಬುಕ್ಕು, ಗೇಟ್‌ವೇ ಪಾಸ್‌ವರ್ಡು ಯಾವುದೂ ನಿಮ್ಮ ಸ್ವಂತದ್ದಾಗಿರಬಾರದು. ಒಂದು ಕಡೆ ನಾನು ನನ್ನ ಸಿಮ್ಮಿನಿಂದಲೇ ಎಲ್ಲ ಮಾಡಿದ್ದೆ. ವರ್ಗವಾಗಿ ಬಂದು ವರ್ಷವಾದರೂ ಸಂಜೆ ಏಳಕ್ಕೆ ಆ ಊರಿನಿಂದ ಮಿಸ್ಡ್ ಕಾಲ್ ಬರುತ್ತಿತ್ತು. ತಿರುಗಿ ಮಾಡಿದರೆ ಆ ಕಡೆಯಿಂದ, 'ಸಿಸ್ಟ್ರೇ, ಈ ಸಲ ಮೆಸೇಜೇ ಬರ್ಲಿಲ್ಲ, ನಾಳೆ ಬರ್ಲಾ?'